ಎರಡನೇ ಬ್ಯಾಟರಿ

2003ರ ನವೆಂಬರ್ 10, ಸೋಮವಾರ. ಬೆಳಿಗ್ಗೆ 11.15ಕ್ಕೆ ಗಬ್ಬೂರಿನ ಗುರುಶಿದ್ದಪ್ಪ ಠಾಣೆಗೆ ಬಂದು ದೂರು ಕೊಟ್ಟ. ಅವನ ಏಳು ವರ್ಷದ ಮಗಳು ಹುಲಿಗೆವ್ವನಿಗೆ ಆಗಸ್ಟ್ 18ರಂದು ನಾಯಿ ಕಚ್ಚಿತ್ತು. ಊರಿಗೆ ಬರುವ ಟ್ರಸ್ಟಿನ ಆಸ್ಪತ್ರೆ ವ್ಯಾನಿನಲ್ಲಿ ಅಂದೇ ಚುಚ್ಚುಮದ್ದು ಶುರುವಾಗಿ, ಸೆಪ್ಟೆಂಬರ್ 15ಕ್ಕೆ ಐದೂ ಮುಗಿದಿದ್ದವು. ನವೆಂಬರ್ 2ರಂದು ಹುಡುಗಿ ಸತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ರೇಬೀಸ್ ಎಂದು ವೈದ್ಯರು ಬರೆದಿದ್ದರು.

"ಮಗಳ ಮಣ್ಣಿನ ದಿನ ವ್ಯಾನಿನ ಡ್ರೈವರ್ ಬಂದಿದ್ದರಿ," ಎಂದ ಗುರುಶಿದ್ದಪ್ಪ. "ಬ್ಯಾಟರಿ ನಿಲ್ತಿರಲಿಲ್ಲ, ಔಷಧದ ಫ್ರಿಜ್ ತಂಪ ಹಿಡೀತಿರಲಿಲ್ಲ ಅಂತ ಅಳಕೋತ ಅಂದ. ಹಂಗಾರ ಆ ಸೂಜಿ ಎದಕ್ಕ ಮಾಡಿದ್ರು ಸಾಹೇಬರ?"

ಇನ್ಸ್‌ಪೆಕ್ಟರ್ ದತ್ತು ಕಟ್ಟಿ ಇಪ್ಪತ್ತೆರಡು ವರ್ಷಗಳಲ್ಲಿ ದೂರುಗಳನ್ನು ಕಣ್ಣು ಮುಚ್ಚಿ ಬರೆಸುವಷ್ಟು ಪಳಗಿದ್ದರು. ಈ ಪ್ರಶ್ನೆಗೆ ಯಾವ ಕಾಲಮ್ಮೂ ಇರಲಿಲ್ಲ. 12.40ಕ್ಕೆ ಐಪಿಸಿ 304(ಎ) ಅಡಿ, ನಿರ್ಲಕ್ಷ್ಯದಿಂದಾದ ಸಾವು ಎಂದು ಎಫ್‌ಐಆರ್ ಆಯಿತು. ಆರೋಪಿಯ ಹೆಸರಿನ ಜಾಗ ಖಾಲಿ ಬಿಟ್ಟರು. ಊಟದ ಹೊತ್ತಿಗೆ ಟ್ರಸ್ಟಿನ ಕಾರ್ಯದರ್ಶಿ ವಿನೀತ ಕೇಳದೆಯೇ ಪತ್ರ ಕಳಿಸಿದರು. ಬ್ಯಾಟರಿಯ ನಿರ್ವಹಣೆ ಪೂರ್ತಿ ಡ್ರೈವರ್ ಕಲ್ಲೇಶನ ಹೊಣೆ, ಅವನ ಮೇಲೆ ಕ್ರಮ ಕೈಗೊಳ್ಳಬೇಕು ಎಂದು ಅದರಲ್ಲಿತ್ತು.

ಠಾಣೆಯ ಜೀಪನ್ನು ಇಬ್ಬರು ಪೇದೆಗಳು ನೂಕಿದ ಮೇಲೆ ಅದು ಹೊರಟಿತು. "ನಮ್ಮ ಬ್ಯಾಟರಿಗೆ ಯಾರ ಮ್ಯಾಲ ಎಫ್‌ಐಆರ್ ಹಾಕೂಣ್ರಿ?" ಎಂದು ಹೆಡ್ ಕಾನ್‌ಸ್ಟೆಬಲ್ ಹುಚ್ಚಪ್ಪ ಕೇಳಿದ.

2.30ಕ್ಕೆ ಬೈಪಾಸ್ ಪಕ್ಕದ, ವ್ಯಾನು ನಿಲ್ಲಿಸುವ ಶೆಡ್ಡಿನಲ್ಲಿ ಪಂಚನಾಮೆ ಆರಂಭವಾಯಿತು. ಕಲ್ಲೇಶ ಕೈಕಟ್ಟಿ ನಿಂತಿದ್ದ. ಹೊಸ ಅಂಗಿ ತೊಟ್ಟು, ಚೀಲದಲ್ಲಿ ಟವೆಲು, ಹಲ್ಲುಪುಡಿ ಇಟ್ಟುಕೊಂಡೇ ಬಂದಿದ್ದ.

"ನಂದ ತಪ್ಪರಿ. ಬರ್ಕೊಳ್ರಿ," ಎಂದ.

"ಏನ್ ತಪ್ಪು ಮಾಡಿದಿ?"

"ಅದ ತಿಳೀವಲ್ದರಿ."

ವ್ಯಾನಿನಲ್ಲಿ ಎರಡು ಬ್ಯಾಟರಿಗಳಿದ್ದವು. ಒಂದು ಎಂಜಿನ್ ಚಾಲೂ ಮಾಡಲು, ಇನ್ನೊಂದು ಲಸಿಕೆಯ ಫ್ರಿಜ್ಜಿಗೆ. ಗಾಡಿ ಓಡುವಾಗ ಆಲ್ಟರ್ನೇಟರ್ ಎರಡನ್ನೂ ತುಂಬುತ್ತಿತ್ತು. ಗಾಡಿ ನಿಂತೊಡನೆ ನಡುವಿನ ಸ್ವಿಚ್ಚು ಎರಡನ್ನೂ ಬೇರ್ಪಡಿಸುತ್ತಿತ್ತು, ಫ್ರಿಜ್ಜು ಎಂಜಿನ್ನಿನ ಪಾಲನ್ನು ತಿನ್ನಬಾರದೆಂದು. ರಾತ್ರಿ ಶೆಡ್ಡಿನ ಚಾರ್ಜರ್, ಕರೆಂಟ್ ಇದ್ದಷ್ಟು ಹೊತ್ತು, ಎರಡನೇ ಬ್ಯಾಟರಿಯನ್ನು ತುಂಬುತ್ತಿತ್ತು.

ಹುಚ್ಚಪ್ಪ ಪೊಲೀಸ್ ಸೇರುವ ಮೊದಲು ಅಣ್ಣನ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ಮಾಡಿದವನು. ಎಂಜಿನ್ ಹಚ್ಚಿಸಿ ಮೀಟರ್ ಇಟ್ಟ. 14.2 ವೋಲ್ಟ್, ಇರಬೇಕಾದಷ್ಟೇ. ಎರಡನೆಯದಕ್ಕೂ ಅಷ್ಟೇ. ಸ್ವಿಚ್ಚು, ಫ್ಯೂಸು, ಅರ್ತಿಂಗ್ ವೈರು, ಚಾರ್ಜರ್ ಎಲ್ಲ ಸರಿ ಇದ್ದವು. ಟರ್ಮಿನಲ್‌ಗಳನ್ನು ಸೋಡಾ ನೀರಿನಿಂದ ತೊಳೆದು ವ್ಯಾಸಲೀನ್ ಹಚ್ಚಿತ್ತು. ಸೆಲ್ಲುಗಳಲ್ಲಿ ಡಿಸ್ಟಿಲ್ಡ್ ನೀರು ಗೆರೆಯ ತನಕ ಇತ್ತು.

"ಇವ ತನ್ನ ಹೇಣ್ತಿನ್ನೂ ಹಿಂಗ ನೋಡ್ಕೊಂಡಿರಲಿಕ್ಕಿಲ್ಲರಿ," ಎಂದ ಹುಚ್ಚಪ್ಪ, ಮೆಲ್ಲಗೆ.

ಕಲ್ಲೇಶ ಒಂದು ನೋಟುಬುಕ್ ಇಟ್ಟಿದ್ದ. ಪ್ರತಿ ಸೋಮವಾರ ಗಾಜಿನ ನಳಿಕೆಯಲ್ಲಿ ಬ್ಯಾಟರಿಯ ಆಸಿಡ್ ಎಳೆದು ಅದರ ಸಾಂದ್ರತೆ ಬರೆಯುತ್ತಿದ್ದ. 1250 ಇದ್ದರೆ ಬ್ಯಾಟರಿ ತುಂಬಿದೆ ಎಂದು ಲೆಕ್ಕ. ಆಗಸ್ಟ್ 4ರ ತನಕ ಅಷ್ಟಿತ್ತು. 11ರಂದು 1160. ನಂತರ ವಾರವಾರವೂ 1150, 1140. ಪಕ್ಕದಲ್ಲಿ ಅವನು ಮಾಡಿದ ಒಂದೊಂದು ರಿಪೇರಿ: ಬೆಲ್ಟ್ ಬಿಗಿ, ಆಲ್ಟರ್ನೇಟರಿನ ಬ್ರಶ್ ಬದಲು, ಹೊಸ ಕೇಬಲ್. ಟ್ರಸ್ಟಿಗೆ ಎರಡು ಸಲ ಬರೆದುಕೊಟ್ಟದ್ದೂ ಇತ್ತು. ಯಾವುದರಿಂದಲೂ ಗುಣವಾಗಿರಲಿಲ್ಲ. ಅಕ್ಟೋಬರ್ 27ರಂದು ಮಾತ್ರ ತಟ್ಟನೆ 1240. ಆಮೇಲೆ ಇಳಿದಿರಲಿಲ್ಲ.

"ಆ ವಾರ ಏನ್ ರಿಪೇರಿ ಮಾಡಿದಿ?" ದತ್ತು ಕೇಳಿದರು.

"ಏನಿಲ್ಲರಿ. ತಾನ ಸುಧಾರಿಸ್ತು."

"ಬ್ಯಾಟರಿಗೇನ್ ಜ್ವರ ಬಂದಿತ್ತೇನೋ ತಾನ ಸುಧಾರಿಸಾಕ?" ಎಂದ ಹುಚ್ಚಪ್ಪ.

ದತ್ತು ಪುಟವನ್ನು ಹಿಂದಕ್ಕೆ ತಿರುವಿದರು. ಅಕ್ಟೋಬರ್ 6ರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: 'ಪೂಜಾದ ವಿಭೂತಿ ಅಳಿಸೇತಿ. ಯಾರು?' ದಸರೆಯ ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಎರಡೂ ಬ್ಯಾಟರಿಗೆ ವಿಭೂತಿ ಎಳೆದು ಕುಂಕುಮ ಇಟ್ಟಿದ್ದೆನೆಂದು ಕಲ್ಲೇಶ ಹೇಳಿದ. ಎಂಜಿನ್ನಿನ ಬ್ಯಾಟರಿಯ ಮೇಲೆ ಅದು ಧೂಳು ಹಿಡಿದು ಇನ್ನೂ ಉಳಿದಿತ್ತು. ಎರಡನೆಯದರ ಎರಡೂ ತುದಿಗಳಲ್ಲಿ ಎರಡೇ ದಿನದಲ್ಲಿ ಅಳಿಸಿಹೋಗಿತ್ತಂತೆ. ಎತ್ತುವವರು ಕೈ ಹಾಕುವುದೇ ಅಲ್ಲಿ. ಅದನ್ನು ಬಿಗಿದ ಬೋಲ್ಟುಗಳ ತಲೆಯೂ ಸ್ಪ್ಯಾನರ್ ತಿರುಗಿ ತಿರುಗಿ ಹೊಳೆಯುತ್ತಿತ್ತು.

ತುಂಬುವುದರಲ್ಲಿ ದೋಷವಿರಲಿಲ್ಲ. ಬ್ಯಾಟರಿ ಬೇರೆಲ್ಲಿಗೋ ಹೋಗಿ ಖಾಲಿಯಾಗಿ ಬರುತ್ತಿತ್ತು.

4.50ಕ್ಕೆ ಫ್ರಿಜ್ಜಿನ ಉಷ್ಣತೆಯ ರಿಜಿಸ್ಟರ್ ವಶಪಡಿಸಿಕೊಂಡರು. ಬೆಳಿಗ್ಗೆ ಎಂಟರ ನಮೂದು, ವ್ಯಾನಿನ ನರ್ಸ್ ಕಾವೇರಿಯ ದುಂಡಗಿನ ಅಕ್ಷರ. ಆಗಸ್ಟ್‌ನಿಂದ ದಿನವೂ ನಾಲ್ಕು ಡಿಗ್ರಿ. ಹೆಚ್ಚಿಲ್ಲ, ಕಡಿಮೆಯಿಲ್ಲ. ಅಕ್ಟೋಬರ್ 21ರಿಂದ ಬೇರೆಯವರ ಅಕ್ಷರ: ಐದು, ಮೂರು, ಆರು. ಕಾವೇರಿ ಹದಿಮೂರು ದಿನ ರಜೆಯಲ್ಲಿದ್ದಳು. ರಜೆಯ ಅರ್ಜಿಯಲ್ಲಿ ಕಾರಣ ಒಂದೇ ಸಾಲು. 20ರ ರಾತ್ರಿ ಗಂಡ ತೀರಿಕೊಂಡಿದ್ದ.

ದತ್ತು ಆ ಸಾಲನ್ನು ಎರಡು ಸಲ ಓದಿದರು. ಕಲ್ಲೇಶನ ನೋಟುಬುಕ್ಕನ್ನು ಅದರ ಪಕ್ಕ ಇಟ್ಟು ದಿನಾಂಕಗಳನ್ನು ಹೋಲಿಸಿದರು. ಆಮೇಲೆ ಎರಡನ್ನೂ ಮುಚ್ಚಿ, ಇವತ್ತಿಗೆ ಸಾಕು ಎಂದರು.

ಮರುದಿನ ವಿನೀತರ ಫೋನು ಮೂರು ಸಲ ಬಂತು. ಡ್ರೈವರನ್ನು ಇನ್ನೂ ಹಿಡಿದಿಲ್ಲವೇಕೆ ಎಂಬುದೊಂದೇ ಪ್ರಶ್ನೆ. ತನಿಖೆ ನಡೆದಿದೆ ಎಂದು ದತ್ತು ಮೂರು ಸಲವೂ ಹೇಳಿದರು.

ನವೆಂಬರ್ 12ರಂದು 10 ಗಂಟೆಗೆ ಶೆಡ್ಡಿನ ಕಾವಲುಗಾರ ಮಕ್ತುಮಸಾಬನ ಹೇಳಿಕೆ ಪಡೆದರು. ಅರವತ್ತರ ಆತ ಕೇಳುವ ಮೊದಲೇ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ.

"ಬ್ಯಾಟರಿ ನನ್ನ ಸೈಕಲ್ ಮ್ಯಾಲ ಒಯ್ದೇನಿ ಸಾಹೇಬ. ಸಂಜೀಕ ಒಯ್ಯೂದು, ಮುಂಜಾನೆ ಡ್ರೈವರ್ ಬರೂದ್ರೊಳಗ ತಂದು ಜೋಡ್ಸೂದು."

"ಯಾಕ?"

"ಆ ನರ್ಸ್ ಹುಡುಗಿ ತನ್ನ ಮನೀಗೆ ಬೇಕಂತ ಕೇಳಿತು. ಇಲ್ಲ ಅನ್ನಾಕ ಆಗಲಿಲ್ಲ."

"ಫ್ರಿಜ್ಜಿನ್ಯಾಗ ಏನೈತಿ ಗೊತ್ತಿತ್ತೇನು?"

ಔಷಧ ಎಂದು ಗೊತ್ತಿತ್ತು, ಬಿಸಿಯಾದರೆ ಕೆಡುತ್ತದೆಂದು ಗೊತ್ತಿರಲಿಲ್ಲ ಎಂದ. ಹೇಳಿಕೆ ಓದಿ ಹೇಳಿದಾಗ ಹೌದೆಂದು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದ.

13ರಂದು ಮಧ್ಯಾಹ್ನ 3ಕ್ಕೆ, ಮಹಿಳಾ ಪೇದೆ ಭುವನೇಶ್ವರಿಯೊಂದಿಗೆ ದತ್ತು ಕಾವೇರಿಯ ಮನೆಗೆ ಹೋದರು. ಒಂದೇ ಕೋಣೆ. ಮಂಚದ ಹಾಸಿಗೆ ಸುತ್ತಿಟ್ಟಿತ್ತು. ಕಿಟಕಿಯ ಕಟ್ಟೆಯ ಮೇಲೆ ಕಫ ಎಳೆಯುವ ಸಣ್ಣ ಯಂತ್ರ. ಅದರ ವೈರಿನ ತುದಿಗೆ ಬ್ಯಾಟರಿಗೆ ಕಚ್ಚಿಸುವ ಕೆಂಪು, ಕಪ್ಪು ಕ್ಲಿಪ್ಪುಗಳು. ಯಂತ್ರವನ್ನು ಒರೆಸಿ, ಮೇಲೆ ಮಡಿಚಿದ ಬಟ್ಟೆ ಹಾಸಿತ್ತು.

ಕಾವೇರಿಗೆ ಇಪ್ಪತ್ತೊಂಬತ್ತು. ಅಳಲಿಲ್ಲ. ಗಂಡ ಮುತ್ತುವಿನ ಗಂಟಲಿಗೆ ಆಪರೇಷನ್ ಆಗಿ ನಳಿಕೆ ಹಾಕಿದ್ದರು, ಆಗಸ್ಟ್ 5ರಂದು ಮನೆಗೆ ತಂದೆವು ಎಂದಳು. ಕಫವನ್ನು ಗಂಟೆಗೊಮ್ಮೆ ಎಳೆಯಬೇಕು. ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಆ ಓಣಿಯಲ್ಲಿ ಸಂಜೆ ಹೋದ ಕರೆಂಟು ಬರುವ ಹೊತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ. ಮೊದಲ ರಾತ್ರಿ ಬಾಯಿಂದಲೇ ಎಳೆದಿದ್ದಳು. ಎರಡನೇ ದಿನ ಬ್ಯಾಟರಿ ತರಿಸಿದಳು.

"ಟ್ರಸ್ಟಿನವರನ್ನ ಕೇಳಲಿಲ್ಲೇನು?"

"ಇಲ್ಲ ಅಂದಿದ್ರ ಮತ್ತ ಒಯ್ಯಾಕ ಬರತಿರಲಿಲ್ಲಲ್ಲರಿ."

"ಫ್ರಿಜ್ಜಿಗೆ?"

"ಬರ್ಫ್ ಇಡತಿದ್ನಿ."

"ಮುಂಜಾನಿತನಕ ಇರತಿತ್ತೇನು?"

"ನಡುರಾತ್ರಿತನಕ."

"ಔಷಧ ಕೆಡತಾವಂತ ಗೊತ್ತಿತ್ತು."

"ನಾ ನರ್ಸ್ ಅದೀನ್ರಿ. ಗೊತ್ತಿತ್ತು."

"ಗೊತ್ತಿದ್ದೂ ದಿನಾ ನಾಕ ಅಂತ ಬರದಿ."

ಕಾವೇರಿ ಯಂತ್ರದ ಮೇಲಿನ ಬಟ್ಟೆಯನ್ನು ಸರಿಮಾಡಿದಳು. "ರಾತ್ರಿ ಅವರ ಗಂಟಲ ಸಪ್ಪಳ ಒಂದ ಕೇಳತಿತ್ತರಿ. ಮುಂಜಾನೆ ಬರಿಯೂ ಮುಂದ, ಇವತ್ತೊಂದ ದಿನ ಅಂತ ಬರಿತಿದ್ನಿ. ಆ ಹುಡುಗಿಗೆ ಐದೂ ಸೂಜಿ ನಾನ ಮಾಡೇನಿ."

3.55ಕ್ಕೆ ಬಂಧಿಸಲಾಯಿತು. ಕಳವಿನ ಕಲಂ 379ನ್ನೂ ಸೇರಿಸಿದರು. ಹೊರಡುವಾಗ ಅವಳು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಯಾರಿಗೆ ಕೊಡುವುದೆಂದು ತಿಳಿಯದೆ ನಿಂತಳು. ಭುವನೇಶ್ವರಿ ಕೈ ಚಾಚಿ ಇಸಿದುಕೊಂಡಳು.

ಕೆಟ್ಟ ಲಸಿಕೆಯಿಂದಲೇ ಸಾವಾಯಿತೆಂದು ಕೋರ್ಟು ಒಪ್ಪುತ್ತದೋ ಇಲ್ಲವೋ, ದತ್ತುಗೆ ಗೊತ್ತಿರಲಿಲ್ಲ. ಕೇಸ್ ಡೈರಿಯಲ್ಲಿ ಕಾರಣದ ಎದುರು 'ಗಂಡನ ಅನಾರೋಗ್ಯ' ಎಂದು ಬರೆದರು. ಬೇರೆ ಪದ ಸಿಗಲಿಲ್ಲ.

14ರಂದು ಬೆಳಿಗ್ಗೆ ಕಲ್ಲೇಶ ಅದೇ ಚೀಲ ಹಿಡಿದು ಬಂದ. ನೀನು ಸಾಕ್ಷಿ, ಮನೆಗೆ ಹೋಗು ಎಂದರು. ಅವನು ಹೋಗಲಿಲ್ಲ. ವಶಪಡಿಸಿಕೊಂಡು ಮುದ್ದೆಮಾಲು ಕೋಣೆಯಲ್ಲಿಟ್ಟ ಬ್ಯಾಟರಿಯನ್ನು ಸೋಮವಾರ ಬಂದು ನೋಡಬಹುದೇ ಎಂದು ಕೇಳಿದ. ಸುಮ್ಮನೆ ಇಟ್ಟರೂ ಅದು ಇಳಿಯುತ್ತದಂತೆ. ಬಾ ಎಂದರು ದತ್ತು.

ಮಧ್ಯಾಹ್ನ ಗುರುಶಿದ್ದಪ್ಪ ಬಂದ. ನಡೆದದ್ದನ್ನು ದತ್ತು ಕೂರಿಸಿ ಹೇಳಿದರು. ಅವನು ಕೇಳಿದ:

"ಅಕಿ ಗಂಡ ಉಳದನೇನ್ರಿ?"

"ಇಲ್ಲ."

"ಬ್ಯಾಟರಿ ಒಯ್ದ ಮ್ಯಾಲ ಎಷ್ಟ ದಿನ ಇದ್ದ?"

"ಎರಡೂವರೆ ತಿಂಗಳು."

ಗುರುಶಿದ್ದಪ್ಪ ಬೆರಳು ಮಡಿಚಿ ಎಣಿಸಿದ. "ನಮ್ಮ ಹುಡುಗೀನೂ ಅಷ್ಟ ದಿನ ಇದ್ಲರಿ," ಎಂದ, "ನಾಯಿ ಕಡದ ಮ್ಯಾಲ." ಆಮೇಲೆ ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟು ಹೊರಗೆ ಹೋದ.