ಇಂಜಿನ್ ಮಾತ್ರ ತನ್ನಿ

ಶನಿವಾರ ನಾಲ್ಕು ಗಂಟೆಗೆ ಅಂಗಡಿಯ ಬಾಗಿಲು ಕಿರ್ ಎಂದರೆ ಅವಳು ತಲೆಯೆತ್ತಿ ನೋಡಬೇಕಾಗಿರಲಿಲ್ಲ. ಟೈಲರ್ ಬಂದಿದ್ದಾನೆ ಎಂದರ್ಥ. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಮುಷ್ಟಿಗಾತ್ರದ ಇಂಜಿನ್, ಮುಖದಲ್ಲಿ ಹೋಮ್‌ವರ್ಕ್ ಮಾಡದೆ ಬಂದವನ ನಗು.

“ಇವತ್ತೇನಂತೆ ಇದರ ಗೋಳು?”

“ಅದೇ ಹಳೇ ರಾಗ ಡಾಕ್ಟ್ರೇ. ನೆಲದ ಮೇಲೆ ಚೆನ್ನಾಗೇ ಇರುತ್ತೆ. ವಿಮಾನದ ಮೂಗು ಮೇಲೆ ಮಾಡಿ ಏರಿಸಿದ ಕೂಡಲೇ ದನಿ ಕೀರಲಾಗುತ್ತೆ, ಎರಡು ಸಲ ಕೆಮ್ಮುತ್ತೆ, ಆಮೇಲೆ ಮೌನವ್ರತ.”

ಅವಳು ಡಾಕ್ಟರಲ್ಲ. ಚಿಕ್ಕಪ್ಪನ ಮಾದರಿ ವಿಮಾನಗಳ ಅಂಗಡಿಯಲ್ಲಿ ಇಂಜಿನ್ ರಿಪೇರಿ ಅವಳ ಪಾಲಿನದು. ಸದ್ದು ಕೇಳಿಯೇ ರೋಗ ಹೇಳುತ್ತಾಳೆಂದು ವಿಮಾನದ ಕ್ಲಬ್ಬಿನವರು ಕೊಟ್ಟ ಬಿರುದು ಅದು. ಅವಳ ಬೆಂಚಿನ ಮೇಲೆ ಅವಳದೇ ಕೈಬರಹದ ಬೋರ್ಡು: ‘ಇಂಜಿನ್ ಮಾತ್ರ ತನ್ನಿ. ವಿಮಾನ ಬೇಡ.’ ಹಿಂದೊಮ್ಮೆ ಯಾರದೋ ರೆಕ್ಕೆ ತಗಲಿ ಒಂದು ಸಾಲು ಬಣ್ಣದ ಬಾಟಲಿಗಳು ನೆಲ ಕಂಡಿದ್ದವು. ಅಂದಿನಿಂದ ಅದೇ ಕಾನೂನು.

ಇಂಜಿನ್ನನ್ನು ಬೆಂಚಿಗೆ ಬಿಗಿದಳು. ಬೆಂಚಿನ ಟ್ಯಾಂಕಿನ ಟ್ಯೂಬನ್ನು ಸಿಕ್ಕಿಸಿ, ಪ್ಲಗ್ಗಿಗೆ ಬ್ಯಾಟರಿ ಕೊಟ್ಟು, ಪ್ರೊಪೆಲ್ಲರ್ ಅನ್ನು ಕೋಲಿನಿಂದ ಒಮ್ಮೆ ತಟ್ಟಿದಳು. ಅಷ್ಟೇ. ಇಂಜಿನ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡತೊಡಗಿತು. ಇಂಧನದಲ್ಲಿ ಬೆರೆತ ಹರಳೆಣ್ಣೆಯ ಹೊಗೆ ಅಂಗಡಿ ತುಂಬಿತು.

“ನೋಡಿ, ಎಷ್ಟು ಮುದ್ದಾಗಿ ಹಾಡ್ತಿದೆ.”

“ನಿಮ್ಮ ಮುಂದೆ ಮಾತ್ರ,” ಎಂದ ಅವನು. ನೋಡುತ್ತಿದ್ದದ್ದು ಇಂಜಿನ್ನನ್ನಲ್ಲ.

ಮೊದಲ ವಾರ ಪ್ಲಗ್ ಬದಲಾಯಿಸಿದಳು. ಎರಡನೆಯ ವಾರ ಇಂಧನದ ಹರಿವು ತಿದ್ದುವ ಸೂಜಿಯನ್ನು ಬಿಚ್ಚಿ ತೊಳೆದಳು. ಮೂರನೆಯ ವಾರ ಹಿಂದಿನ ಮುಚ್ಚಳದ ನಾಲ್ಕೂ ಸ್ಕ್ರೂ ಬಿಗಿದಳು. ಆ ದಿನ ಇಂಜಿನ್ ಓಡುತ್ತಿರುವಾಗ ಅವನು, “ಒಂದ್ನಿಮಿಷ, ಅಲ್ಲಾಡಬೇಡಿ,” ಎಂದವನೇ ತನ್ನ ಕಾಲರಿನಿಂದ ಸೂಜಿ ಕಿತ್ತು ಅವಳ ಏಪ್ರನ್ನಿನ ಜೇಬಿನಲ್ಲಿ ಜೋತಾಡುತ್ತಿದ್ದ ಗುಂಡಿಯನ್ನು ಹೊಲಿದುಕೊಟ್ಟ. ನೀಲಿ ಏಪ್ರನ್ನಿಗೆ ಕೆಂಪು ದಾರ. “ಇದ್ದದ್ದು ಇದೊಂದೇ ಬಣ್ಣ,” ಎಂದ. ಎಂಟು ಹೊಲಿಗೆ ಮುಗಿಯುವವರೆಗೆ ಅವಳಿಗೆ ಇಂಜಿನ್ನಿನ ಸದ್ದೇ ಕೇಳಿಸಲಿಲ್ಲ.

ಐದನೆಯ ಶನಿವಾರ ಎಡವಟ್ಟಾಯಿತು. ಅಂಗಡಿಯಲ್ಲಿ ಕ್ಲಬ್ಬಿನ ನಾಲ್ಕೈದು ಜನ ಹರಟುತ್ತಿದ್ದರು. ಇಂಜಿನ್ ಎಂದಿನಂತೆ ಚೆನ್ನಾಗಿ ಓಡಿತು. ಎಲ್ಲರಿಗೂ ಕೇಳುವ ಹಾಗೆ ಅವಳೆಂದಳು: “ಇಂಜಿನ್‌ಗೆ ಯಾವ ಕಾಯಿಲೆನೂ ಇಲ್ಲ. ಕಾಯಿಲೆ ಇರೋದು ತಂದವರಿಗೆ. ಅದಕ್ಕೆ ನನ್ನ ಹತ್ರ ಔಷಧಿ ಇಲ್ಲಪ್ಪ!”

ಅಂಗಡಿ ಗೊಳ್ಳೆಂದಿತು. ಅವನು ನಗಲಿಲ್ಲ. ಕಿವಿ ಕೆಂಪಾಯಿತು. ಇನ್ನೂ ಬಿಸಿ ಇದ್ದ ಇಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿ, ನಾಲ್ಕೂ ಅಂಚು ಸರಿಮಾಡಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದ.

ಅವಳು ಹಾಗೆಂದದ್ದು ಹಂಗಿಸಲಿಕ್ಕಲ್ಲ. ‘ಹೌದು, ಕಾಯಿಲೆ ನನಗೇ’ ಎಂದು ಅವನು ಎಲ್ಲರೆದುರು ನಕ್ಕುಬಿಡಲಿ ಎಂಬ ಆಸೆಯಿತ್ತು. ಆಸೆಯನ್ನು ಆಸೆಯ ಹಾಗೆ ಹೇಳುವ ಧೈರ್ಯವಿಲ್ಲದವರೆಲ್ಲ ತಮಾಷೆ ಮಾಡುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆರನೆಯ ಶನಿವಾರ ನಾಲ್ಕಾಯಿತು, ಐದಾಯಿತು. ಬಾಗಿಲು ಕಿರ್ ಎಂದಾಗಲೆಲ್ಲ ಅವಳು ತಲೆಯೆತ್ತಿ ನೋಡಿದಳು.

“ಅವನು ಬರಲ್ಲ ಕಣಮ್ಮ,” ಎಂದರು ಚಿಕ್ಕಪ್ಪ, ಪೇಪರಿನಿಂದ ಕಣ್ಣು ತೆಗೆಯದೆ. “ಕ್ಲಬ್ಬಿಗೆ ಬರ್ತಾರಲ್ಲ ಬ್ಯಾಂಕಿನವರೊಬ್ಬರು, ವಿಮಾನನ ನಾಳೆ ಬೆಳಿಗ್ಗೆ ಅವರಿಗೆ ಕೊಟ್ಟುಬಿಡ್ತಾನಂತೆ. ಹಾರಿಸೋದು ನನ್ನ ಹಣೇಲಿ ಬರೆದಿಲ್ಲ ಅಂದನಂತೆ.”

“ಎರಡು ವರ್ಷ ಕೂತು ಕಟ್ಟಿದ್ದು ಅದು ಚಿಕ್ಕಪ್ಪ! ರೆಕ್ಕೆ ಬಟ್ಟೇನೂ ಕೈಯಲ್ಲೇ ಹೊಲಿದಿದ್ದಾರೆ.”

“ನನಗೆ ಯಾಕೆ ಹೇಳ್ತೀಯ? ಹೇಳಬೇಕಾದವರಿಗೆ ಹೇಳು.”

ಸಿಟ್ಟು ಯಾರ ಮೇಲೆಂದು ತಿಳಿಯದೆ ಅವಳು ಬೆಂಚಿನ ಟ್ಯಾಂಕನ್ನು ಬಿಚ್ಚಿ ತೊಳೆಯಲು ಕೂತಳು. ಬ್ರಷ್ ಹಿಡಿದ ಕೈ ಹಾಗೇ ನಿಂತಿತು. ಐದು ವಾರವೂ ಆ ಇಂಜಿನ್ ಕುಡಿದದ್ದು ಈ ಟ್ಯಾಂಕಿನಿಂದ. ಮೈದಾನದಲ್ಲಿ ಅದು ಕುಡಿಯುವುದು ವಿಮಾನದೊಳಗಿನ ಟ್ಯಾಂಕಿನಿಂದ. ಅದನ್ನು ಅವಳು ಕಣ್ಣಿನಿಂದಲೂ ಕಂಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವಳು ತಾನು. ಸಾಲದೆಂಬಂತೆ ಎತ್ತಿನ ಯಜಮಾನನನ್ನು ಎಲ್ಲರೆದುರು ಗೇಲಿ ಬೇರೆ ಮಾಡಿದ್ದಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವಳು ಮೈದಾನದಲ್ಲಿದ್ದಳು. ಏಪ್ರನ್ ಬಿಚ್ಚುವುದನ್ನೂ ಮರೆತಿದ್ದಳು. ಹುಲ್ಲಿನ ಮೇಲೆ ಚಾಪೆ, ಚಾಪೆಯ ಮೇಲೆ ಹಳದಿ ರೆಕ್ಕೆಯ ವಿಮಾನ, ಪಕ್ಕದಲ್ಲಿ ಅವನು.

“ಬ್ಯಾಂಕಿನವರು ಬಂದ್ರಾ?”

“ಒಂಬತ್ತಕ್ಕೆ ಬರ್ತಾರೆ.” ಅವನು ತಲೆಯೆತ್ತಲಿಲ್ಲ. “ನೀವ್ಯಾಕೆ ಬಂದ್ರಿ? ಇಲ್ಲಿ ಯಾರಿಗೂ ಕಾಯಿಲೆ ಇಲ್ಲ.”

ಆ ಮಾತು ಚುರುಕ್ಕೆಂದಿತು. ಚುರುಕ್ಕೆನ್ನಬೇಕಾದದ್ದೇ.

“ತಪ್ಪು ನಂದು,” ಎಂದಳು. “ಕುಣಿಯೋಕೆ ಬಾರದೆ ನೆಲ ಡೊಂಕು ಅಂದೆ. ಇಂಜಿನ್ ಸರಿಯಾಗಿದೆ, ನೀವೂ ಸರಿಯಾಗಿದ್ದೀರ. ಟ್ಯಾಂಕ್ ನೋಡಬೇಕಿತ್ತು, ನೋಡಲಿಲ್ಲ. ಅರ್ಧ ಗಂಟೆ ಕೊಡಿ. ಆಮೇಲೆ ಯಾರಿಗೆ ಬೇಕಾದ್ರೂ ಕೊಡಿ.”

ಅವನು ಚಾಪೆಯ ಮೇಲೆ ಪಕ್ಕಕ್ಕೆ ಜರುಗಿ ಜಾಗ ಮಾಡಿದ. ವಿಮಾನವನ್ನು ಅವಳ ಕಡೆ ಸರಿಸಿದ.

ಟ್ಯಾಂಕ್ ತುಂಬಿಸಿ ಇಂಜಿನ್ ಹಚ್ಚಿದಳು. ಚೆನ್ನಾಗಿಯೇ ಓಡಿತು. ಸ್ವಲ್ಪ ಇಂಧನ ಖಾಲಿಯಾಗಲು ಬಿಟ್ಟಳು. “ಈಗ ಹಿಂದಿನಿಂದ ಹಿಡಿದು ಮೂಗು ಆಕಾಶಕ್ಕೆ ಮಾಡಿ.” ಅವನು ಎತ್ತಿ ಹಿಡಿದ. ದನಿ ಕೀರಲಾಯಿತು. ಎರಡು ಸಲ ಕೆಮ್ಮಿತು. ನಿಂತಿತು.

ಅವಳಿಗೆ ಕುಣಿಯುವಷ್ಟು ಖುಷಿ. “ಕೇಳಿದ್ರಾ? ಗಾಳಿ ಕುಡೀತಿದೆ!”

ಟ್ಯಾಂಕ್ ಹೊರಬಂತು. ಅದರೊಳಗೆ ಒಂದು ಮೆತ್ತನೆಯ ಟ್ಯೂಬ್, ಟ್ಯೂಬಿನ ಹಿಂದಿನ ತುದಿಗೆ ಇಂಧನ ಹೀರುವ ಪುಟ್ಟ ತೂಕದ ಗುಂಡು. ಗುಂಡಿನ ಬಾಯನ್ನು ಬೆರಳಿನಿಂದ ಒತ್ತಿ ಮುಚ್ಚಿ ಟ್ಯೂಬನ್ನು ನೀರಿನ ಲೋಟದಲ್ಲಿ ಮುಳುಗಿಸಿದಳು. “ಆ ತುದಿಯಿಂದ ಊದಿ. ಮೆಲ್ಲಗೆ.”

ಇಬ್ಬರ ತಲೆಗಳೂ ಲೋಟದ ಮೇಲೆ ಬಾಗಿದವು. ಟ್ಯೂಬಿನ ಮುಂದಿನ ತುದಿಯ ಹತ್ತಿರದಿಂದ ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ಎದ್ದಿತು. ಹಿಂದೆಯೇ ಇನ್ನೊಂದು.

“ಸೂಜಿಮೊನೆಯಷ್ಟು ತೂತು,” ಎಂದಳು. “ಟ್ಯಾಂಕ್ ತುಂಬಿದ್ದಾಗ ಇಂಧನದಲ್ಲಿ ಮುಳುಗಿರುತ್ತೆ, ತೊಂದರೆಯಿಲ್ಲ. ಮೂಗು ಮೇಲಾದ್ರೆ ಇಂಧನ ಹಿಂದಕ್ಕೆ ಹೋಗುತ್ತೆ, ತೂತು ಗಾಳಿಗೆ ಬೀಳುತ್ತೆ. ನಿಮಗೆ ಒಂದ್ಸಲನೂ ಅನುಮಾನ ಬರ್ಲಿಲ್ವಾ?”

ಅವನು ಟ್ಯೂಬನ್ನು ಬಾಯಿಂದ ತೆಗೆದ.

“ಮೂರನೇ ವಾರವೇ ಬಂತು.”

“ಮತ್ತೆ?”

“ಬಿಚ್ಚಿ ನೋಡೋಕೆ ಮನಸ್ಸಾಗ್ಲಿಲ್ಲ. ತೂತು ಸಿಕ್ಕಿಬಿಟ್ರೆ?” ಅವನ ಕಿವಿ ಮತ್ತೆ ಕೆಂಪಾಯಿತು. “ಸಿಕ್ಕಿಬಿಟ್ರೆ ಶನಿವಾರ ನಾಲ್ಕು ಗಂಟೆಗೆ ನಾನೆಲ್ಲಿ ಹೋಗ್ಲಿ? ಬೋರ್ಡ್ ಹಾಕಿದ್ದೀರಲ್ಲ, ಇಂಜಿನ್ ಮಾತ್ರ ತನ್ನಿ ಅಂತ. ಅದೊಂದೇ ನೆಪ. ಅವತ್ತು ನೀವು ತಮಾಷೆ ಮಾಡಿದಾಗ ನನಗೆ ಬೇಜಾರಾಗಿದ್ದು, ನೀವು ಸುಳ್ಳು ಹೇಳಿದ್ರಿ ಅಂತಲ್ಲ. ನಿಮಗೆ ನಿಜ ಗೊತ್ತಾಗಿಹೋಯ್ತು, ಗೊತ್ತಾದ್ಮೇಲೂ ಔಷಧಿ ಇಲ್ಲ ಅಂದ್ರಿ ಅಂತ.”

ಐದು ವಾರ ಇಂಜಿನ್ನಿಗೆ ಕಿವಿಗೊಟ್ಟು ಕೂತಿದ್ದವಳಿಗೆ ಪಕ್ಕದಲ್ಲಿದ್ದವನ ಎದೆಯ ಸದ್ದು ಕೇಳಿಸಿರಲಿಲ್ಲ. ಸುಡಲಿ ಆ ಬಿರುದು ಎನ್ನಿಸಿತು.

“ಔಷಧಿ ಇಲ್ಲ ಅಂದಿದ್ದು ಯಾಕೆ ಗೊತ್ತಾ?” ಎಂದಳು. ಈ ಸಲ ತಮಾಷೆಯ ಹಿಂದೆ ಅಡಗಲಿಲ್ಲ. “ಅದೇ ಕಾಯಿಲೆ ನನಗೂ ಇದೆ. ನನಗೆ ಇಷ್ಟ ನೀವು. ನಿನ್ನೆ ಆರು ಗಂಟೆವರೆಗೂ ಬಾಗಿಲು ನೋಡ್ತಾ ಕೂತಿದ್ದೆ.”

ಅವನು ಹರಳೆಣ್ಣೆ ಮೆತ್ತಿದ ಅವಳ ಬೆರಳುಗಳನ್ನು ತನ್ನ ಬಿಳಿ ಬಟ್ಟೆಯಿಂದ ಒಂದೊಂದಾಗಿ ಒರೆಸಿದ. ಹತ್ತೂ ಮುಗಿದ ಮೇಲೂ ಕೈ ಬಿಡಲಿಲ್ಲ.

ಹೊಸ ಟ್ಯೂಬ್ ಅವಳ ಏಪ್ರನ್ನಿನ ಜೇಬಿನಲ್ಲೇ ಇತ್ತು. ಒಂಬತ್ತಕ್ಕೆ ಬ್ಯಾಂಕಿನವರು ಬಂದಾಗ ಹಳದಿ ವಿಮಾನ ಮೂಗು ಮೇಲೆ ಮಾಡಿ ನೆಟ್ಟಗೆ ಏರುತ್ತಿತ್ತು, ದನಿ ಒಂದಿಷ್ಟೂ ಕದಲದೆ.

“ಇದನ್ನ ನನಗೆ ಕೊಡ್ತೀನಿ ಅಂದಿದ್ರಲ್ಲ?” ಎಂದರು ಅವರು, ಹಣೆಗೆ ಕೈ ಅಡ್ಡ ಹಿಡಿದು.

“ಕ್ಷಮಿಸಿ ಸಾರ್. ಇದು ಹಾರುತ್ತೆ ಅಂತ ಈಗ ಗೊತ್ತಾಯ್ತು.”

ಬ್ಯಾಂಕಿನವರು ಅವನನ್ನು ನೋಡಿದರು, ಅವಳನ್ನು ನೋಡಿದರು, ಹುಲ್ಲಿನ ಮೇಲೆ ಜೋಡಿಯಾಗಿದ್ದ ಇಬ್ಬರ ಚಪ್ಪಲಿಗಳನ್ನು ನೋಡಿದರು. ವಯಸ್ಸಾದವರು, ಹೆಚ್ಚು ಹೇಳಿಸಿಕೊಳ್ಳಲಿಲ್ಲ.

ವಿಮಾನ ಇಳಿಯಿತು. ಅವನು ಅದನ್ನು ಎತ್ತಿಕೊಂಡು ಬಂದು ನಿಟ್ಟುಸಿರಿಟ್ಟ. “ಇಂಜಿನ್ ರಿಪೇರಿ ಆಗಿಹೋಯ್ತು. ಇನ್ನು ಶನಿವಾರ ಏನು ತರ್ಲಿ?”

“ಬರಿಗೈಲಿ ಬನ್ನಿ.” ಒಂದು ಕ್ಷಣ ತಡೆದು ಅವಳೆಂದಳು, “ಕಾಲರಲ್ಲಿ ಸೂಜಿ ಇರ್ಲಿ. ಈ ಗುಂಡಿ ಸಡಿಲ ಆಗಿದೆ.”

ಗುಂಡಿ ಗಟ್ಟಿಯಾಗಿಯೇ ಇತ್ತು. ಅದನ್ನು ಸಡಿಲ ಮಾಡಲು ಅವಳಿಗಿನ್ನೂ ಆರು ದಿನ ಸಮಯವಿತ್ತು.