ಕಣಕಟ್ಟೆ ತೋಟದಲ್ಲಿ ಕೇಳಿಸಿದ ಕಾರು

ಕೊಬ್ಬರಿ ಕೋಣೆಯ ಬಾಗಿಲು ತೆರೆದ ಗುರುಸಿದ್ದಮ್ಮ ಹೊಸಿಲ ಮೇಲೇ ಕುಸಿದು ಕೂತರು. ಅರಸೀಕೆರೆ ಮಾರುಕಟ್ಟೆಗೆಂದು ಕಟ್ಟಿಟ್ಟಿದ್ದ ನಾಲ್ಕು ಮೂಟೆ ಉಂಡೆ ಕೊಬ್ಬರಿ ಮಾಯ! ವರ್ಷವಿಡೀ ಅಟ್ಟದ ಮೇಲೆ ಒಣಗಿಸಿದ ಮಾಲು. ಬೀಗ ಮುರಿದಿರಲಿಲ್ಲ. ಕೀಲಿಕೈ ದೇವರ ಮನೆಯ ಗೂಡಿನಲ್ಲೇ ಇತ್ತು. ಆ ಗೂಡು ಗೊತ್ತಿದ್ದವರು ಮೂರೇ ಜನ. ಗುರುಸಿದ್ದಮ್ಮ, ತೋಟ ನೋಡಿಕೊಳ್ಳುತ್ತಿದ್ದ ಅವರ ಮೈದುನನ ಮಗ ರಾಜಶೇಖರ್, ತಂಗಿಯ ಮಗಳು ಶರ್ಮಿಳಾ.

ಶರ್ಮಿಳಾ ಇದ್ದದ್ದು ಬೇಲೂರಿನಲ್ಲಿ, ಬಾಡಿಗೆ ರೂಮಿನಲ್ಲಿ. ಸ್ವಂತ ಕಾರಿನಲ್ಲಿ ಪ್ರವಾಸಿಗರನ್ನು ಹಳೇಬೀಡು, ಬಸ್ತಿಹಳ್ಳಿ ಸುತ್ತಿಸುವುದು ಅವಳ ಕಸುಬು. ಹಲ್ಲುಜ್ಜುತ್ತಿದ್ದಾಗ ಫೋನ್ ಬಂತು.

"ಶರ್ಮೀ, ರಾತ್ರಿ ಇಲ್ಲಿಗೆ ಬಂದಿದ್ಯೇನೇ?" ಎಂದರು ದೊಡ್ಡಮ್ಮ.

"ಇಲ್ವಲ್ಲ. ಯಾಕೆ?"

"ಕೊಬ್ಬರಿ ಮೂಟೆ ಹೋಗೈತೆ ಕಣೇ. ಬೆಳಗಿನ ಜಾವ ನಿನ್ ಕಾರಿನ ಸದ್ದು ಕೇಳ್ತು ಅಂತಾನೆ ರಾಜ. ಸೊಂಟ ನೋವಿನ ಮಾತ್ರೆ ನುಂಗಿದ್ದೆ, ನಂಗೆ ಎಚ್ಚರಾನೇ ಆಗ್ಲಿಲ್ಲ."

ಫೋನು ರಾಜಶೇಖರನ ಕೈಗೆ ಹೋಯಿತು.

"ನಿನ್ ಕಾರಿನ ಸದ್ದು ಊರಿಗೇ ಗೊತ್ತು ಶರ್ಮಿ. ಸುಮ್ನೆ ಮೂಟೆ ತಂದಿಟ್ಬಿಡು. ಕಾರು ಮಾರಿ, ಮರ್ಯಾದೆಯಾಗಿ ಮನೇಲಿರು. ನಾವೇನೂ ಪೊಲೀಸಿಗೆ ಹೋಗಲ್ಲ."

"ನೀವು ಹೋಗ್ಬೇಡಿ. ನಾನೇ ಹೋಗ್ತೀನಿ!"

ಶರ್ಮಿಳಾ ಫೋನ್ ಕುಕ್ಕಿದಳು. ಕಳ್ಳಿ ಅಂತ ಒಮ್ಮೆ ಹೆಸರು ಬಂದರೆ ಅವಳ ಕಾರು ಹತ್ತುವವರು ಯಾರು? ಸಾಲದ್ದಕ್ಕೆ, ಯುಗಾದಿ ಕಳೆದ ಮೇಲೆ ತೋಟದ ಉಸ್ತುವಾರಿ ನಿನಗೇ ಅಂತ ದೊಡ್ಡಮ್ಮ ಬೇರೆ ಹೇಳಿದ್ದರು. ದುಡಿಮೆಯೂ ಹೋಯಿತು, ತೋಟವೂ ಹೋಯಿತು. ಅದೆಲ್ಲ ಹಾಳಾಗಿ ಹೋಗಲಿ. ಎತ್ತಿ ಆಡಿಸಿದ ದೊಡ್ಡಮ್ಮನೇ ನಂಬಿಬಿಟ್ಟರಲ್ಲ!

ಅವತ್ತಿನ ಪ್ರವಾಸಿಗರಿಗೆ ಬರಲಾಗದೆಂದು ಫೋನ್ ಮಾಡಿ ಕಾರು ಹತ್ತಿದಳು.

* * *

ಹಳೇಬೀಡು ದಾಟಿದಳು. ತಲೆಯೊಳಗೆ ಒಂದೇ ಪ್ರಶ್ನೆ: ರಾತ್ರಿ ರೂಮಿನಲ್ಲೇ ಇದ್ದೆ ಅನ್ನುವುದಕ್ಕೆ ಸಾಕ್ಷಿ ಯಾರು? ಒಂದು ನರಪಿಳ್ಳೆಯೂ ಇಲ್ಲ. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರ್ ಹಿಂದಿಕ್ಕಲು ಇಂಡಿಕೇಟರ್ ಹಾಕಿದಳು. ಟಿಕ್, ಟಿಕ್, ಟಿಕ್.

ಕಾರು ಪಕ್ಕಕ್ಕೆ ನಿಲ್ಲಿಸಿದಳು.

"ಅಯ್ಯೋ, ನನ್ನ ಬುದ್ಧಿಗಿಷ್ಟು!"

ಹಳೇ ಟೈರಿನ ಗದ್ದಲದಲ್ಲಿ ಈ ಟಿಕ್ ಟಿಕ್ ಅವಳಿಗೆ ಯಾವತ್ತು ಕೇಳಿಸಿತ್ತು? ಕಾರು ಸೆಕೆಂಡ್ ಹ್ಯಾಂಡ್. ಹಳೆಯ ಯಜಮಾನ ಶೋಕಿಗೆ ಹದಿನೇಳು ಇಂಚಿನ ಅಲಾಯ್ ಚಕ್ರ ಹಾಕಿಸಿದ್ದ. ಅದಕ್ಕೆ ರೊಟ್ಟಿಯಂಥ ತೆಳ್ಳನೆಯ ಅಗಲ ಟೈರು. ಓಡಿದರೆ ಹೋ ಎಂದು ಊಳಿಡುತ್ತಿತ್ತು. ಗುಂಡಿಗೆ ಬಿದ್ದರೆ ಹಿಂದೆ ಕೂತವರು ಶಿವಶಿವಾ ಅನ್ನುತ್ತಿದ್ದರು. "ನಿನ್ ಕಾರಲ್ಲಿ ಕೂತ್ರೆ ಸೊಂಟ ಮುರೀತದೆ, ಕಿವಿ ಕಿತ್ತೋಗ್ತದೆ" ಎಂದು ದೊಡ್ಡಮ್ಮ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ಅದಕ್ಕೇ ಬುಧವಾರ ಅರಸೀಕೆರೆಯಲ್ಲಿ ಟೈರ್ ಅಂಗಡಿಯ ಭೀಮರಾಜ್ ಹತ್ತಿರ ಎಲ್ಲವನ್ನೂ ಬದಲಾಯಿಸಿದ್ದಳು. "ಚಕ್ರ ಚಿಕ್ಕದು ಮಾಡಿ, ರಬ್ಬರ್ ಎತ್ತರ ಮಾಡಿ ಮೇಡಂ" ಎಂದಿದ್ದ ಅವನು. "ಒಟ್ಟು ಎತ್ತರ ಅಷ್ಟೇ ಇರ್ತದೆ, ಸ್ಪೀಡ್ ಮೀಟರ್ ಸುಳ್ಳು ತೋರ್ಸಲ್ಲ. ಗುಂಡಿ ಏಟು ಟೈರೇ ತಿಂದ್ಕೊಳ್ತದೆ." ಈಗ ಹದಿನೈದು ಇಂಚಿನ ಕಪ್ಪು ಸ್ಟೀಲ್ ಚಕ್ರ, ಸದ್ದು ಕಡಿಮೆ ಮಾಡುವ ಟೈರು. ಭಾನುವಾರ ದೊಡ್ಡಮ್ಮನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಬೇಕೆಂದಿದ್ದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಊಳಿಡುವ ಚಕ್ರವೇ ಇಲ್ಲದಿದ್ದಾಗ ರಾಜಣ್ಣನಿಗೆ ಕೇಳಿಸಿದ್ದು ಏನು?

* * *

ಭೀಮರಾಜ್ ಅಂಗಡಿಯ ಗೋಡೆ ಬದಿಯಲ್ಲಿ ಆ ನಾಲ್ಕೂ ಅಲಾಯ್ ಚಕ್ರಗಳು ಟೈರ್ ಸಮೇತ ಸರಪಳಿ ಬಿಗಿದುಕೊಂಡು ಕೂತಿದ್ದವು. ಶರ್ಮಿಳಾ ಠಾಣೆಯಲ್ಲಿ ವಿಷಯ ತಿಳಿಸಿ, ಅಲ್ಲಿಗೇ ಸಬ್ ಇನ್ಸ್‌ಪೆಕ್ಟರ್ ನಯನಾ ಅವರನ್ನು ಕರೆದುಕೊಂಡು ಬಂದಳು. ನಯನಾ ಕಡಿಮೆ ಮಾತಿನ ಹೆಂಗಸು.

"ಇವು ಯಾವಾಗಿಂದ ಇಲ್ಲಿವೆ?"

"ಬುಧವಾರದಿಂದ ಮೇಡಂ. ಗಿರಾಕಿ ಸಿಕ್ಕಿಲ್ಲ. ಸರಪಳಿ ಬೀಗದ ಕೀ ನನ್ನ ಸೊಂಟದಲ್ಲೇ ಇರ್ತದೆ."

ನಯನಾ ಚಕ್ರ ಮುಟ್ಟಿ ನೋಡಿದರು. "ಹಿಂದಿನ ಸಂಜೆ ಮನೆಗೆ ಯಾರಾದ್ರೂ ಬಂದಿದ್ರಾ?"

"ಕೊಬ್ಬರಿ ದಲ್ಲಾಳಿ ದೇವರಾಜ್ ಬಂದಿದ್ರಂತೆ, ಟೆಂಪೋದಲ್ಲಿ. ದೊಡ್ಡಮ್ಮ ನಿನ್ನೆ ರಾತ್ರಿ ಫೋನಲ್ಲಿ ಹೇಳಿದ್ರು" ಎಂದಳು ಶರ್ಮಿಳಾ.

ನಯನಾ ಎರಡು ಫೋನ್ ಮಾಡಿದರು. ದೇವರಾಜ್ ಟೆಂಪೋ ವಾಪಸ್ ಬರುವಾಗಲೇ ಕೆಟ್ಟು, ರಾತ್ರಿಯೆಲ್ಲ ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಮೇಲಾಗಿ ಅವನಿಗೆ ದೇವರ ಮನೆಯ ಗೂಡು ಹೇಗೆ ಗೊತ್ತಾಗಬೇಕು?

"ನಿಮ್ಮ ಅಣ್ಣ ಸದ್ದು ತಪ್ಪು ತಿಳಿದಿರಬಹುದು" ಎಂದರು ನಯನಾ. "ಅದು ಅಪರಾಧ ಅಲ್ಲ."

"ತಪ್ಪು ತಿಳಿದವನು ಅಷ್ಟಕ್ಕೇ ನಿಲ್ಲಿಸ್ತಾನೆ ಮೇಡಂ. ಸುಳ್ಳು ಹೇಳೋನು ಬೆಳೆಸ್ತಾ ಹೋಗ್ತಾನೆ. ನನ್ನ ಮುಂದೇನೇ ಕೇಳಿ ನೋಡಿ."

* * *

ಕಣಕಟ್ಟೆಯ ತೋಟದ ಮನೆಗೆ ಶರ್ಮಿಳಾ ಮೊದಲು ಬಂದಳು. ಕಾರನ್ನು ಹುಲ್ಲಿನ ಮೆದೆಯ ಹಿಂದೆ ನಿಲ್ಲಿಸಿ, ನಡೆದು ಜಗಲಿ ಹತ್ತಿದಳು.

"ಬಸ್ಸಿಗೆ ಬಂದ್ಯೇನೇ?" ಎಂದರು ಗುರುಸಿದ್ದಮ್ಮ. ಮುಖ ನೋಡಲಿಲ್ಲ.

ಶರ್ಮಿಳಾ ಚಪ್ಪಲಿ ಬಿಟ್ಟು ಕಂಬಕ್ಕೆ ಒರಗಿ ಕೂತಳು.

"ಕಾರು ಬಚ್ಚಿಟ್ಟು ಬಂದಿದಾಳೆ, ನೋಡಿ ದೊಡ್ಡಮ್ಮ" ಎಂದು ರಾಜಶೇಖರ್ ನಕ್ಕ. ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ನಗು ಅರ್ಧಕ್ಕೇ ನಿಂತಿತು.

"ಏನು ಕೇಳಿಸ್ತು, ಹೇಳಿ" ಎಂದರು ನಯನಾ.

"ಇವಳ ಕಾರು ಮೇಡಂ. ಹೋ ಅಂತ ಊಳಿಡ್ತದಲ್ಲ, ಅದೇ. ಬಂದಾಗ್ಲೂ ಕೇಳ್ತು, ಹೋದಾಗ್ಲೂ ಕೇಳ್ತು."

"ಬೇರೆ ಕಾರಾಗಿರಬಹುದಲ್ಲ?"

"ಸಾಧ್ಯಾನೇ ಇಲ್ಲ! ನಾನು ಎದ್ದು ಬಂದು ಟಾರ್ಚ್ ಬಿಟ್ಟೆ. ಗೇಟು ದಾಟ್ತಾ ಇತ್ತು. ಕಣ್ಣಾರೆ ನೋಡಿದೀನಿ."

"ಚಕ್ರಾನೂ ನೋಡಿದ್ಯಾ ರಾಜಣ್ಣ?" ಶರ್ಮಿಳಾ ಮೆಲ್ಲಗೆ ಕೇಳಿದಳು.

"ನೋಡ್ದೆ ಏನು? ಅವೇ ದೊಡ್ಡ ಅಲಾಯ್ ಚಕ್ರ. ಟಾರ್ಚ್ ಬೆಳಕಿಗೆ ಫಳಫಳ ಅಂದ್ವು. ದೇವರಾಣೆಗೂ ನಿಜ."

ಶರ್ಮಿಳಾ ಎದ್ದಳು. "ದೊಡ್ಡಮ್ಮ, ಸ್ವಲ್ಪ ಬಾ. ಮೆದೆ ಹತ್ರ."

ಕಾರು ಕಂಡು ಗುರುಸಿದ್ದಮ್ಮ ಕೆನ್ನೆಗೆ ಕೈ ಇಟ್ಟುಕೊಂಡರು. "ಇದ್ಯಾವಾಗ ಬಂತೇ? ಸದ್ದೇ ಕೇಳ್ಲಿಲ್ವಲ್ಲ!"

"ನಿನ್ನ ಸೊಂಟಕ್ಕೆ ಅಂತ ಬುಧವಾರಾನೇ ಟೈರು, ಚಕ್ರ ಎಲ್ಲಾ ಬದಲಾಯಿಸಿದೆ. ಚಕ್ರದ ಬಣ್ಣ ನೋಡು."

ಚಕ್ರ ಕಪ್ಪಗಿತ್ತು, ಫಳಫಳ ಅನ್ನುವಂಥದ್ದು ಅಲ್ಲಿ ಒಂದೂ ಇರಲಿಲ್ಲ.

ನಯನಾ ರಾಜಶೇಖರನತ್ತ ತಿರುಗಿದರು. "ಊಳಿಡೋ ಚಕ್ರಗಳು ಬುಧವಾರದಿಂದ ಅರಸೀಕೆರೆ ಅಂಗಡೀಲಿ ಬೀಗ ಹಾಕ್ಕೊಂಡಿವೆ. ನಾನೇ ನೋಡಿ ಬಂದೆ. ಸದ್ದು ತಪ್ಪು ಕೇಳಿಸ್ಬಹುದು. ಆದ್ರೆ ಇಲ್ಲದ ಚಕ್ರ ಹೊಳೆಯೋದು ಹೇಗೆ ಕಾಣುತ್ತೆ? ನೀವು ಏನೂ ಕೇಳ್ಲಿಲ್ಲ, ಏನೂ ನೋಡ್ಲಿಲ್ಲ. ಬೀಗ ಮುರಿದಿಲ್ಲ, ಕೀ ಗೊತ್ತಿದ್ದೋರು ಮೂವರು. ಅವರಲ್ಲಿ ಸುಳ್ಳು ಕಟ್ಟಿದ್ದು ಒಬ್ಬರೇ. ಕಾರೇ ಬರದಿದ್ರೆ ಮೂಟೆ ತೋಟದಲ್ಲೇ ಇರ್ಬೇಕು. ಬೀಗ ಹಾಕಿರೋ ಆ ಗೊಬ್ಬರದ ಶೆಡ್ ತೆಗೀರಿ."

ಶೆಡ್ಡಿನೊಳಗೆ, ತೆಂಗಿನ ಗರಿಗಳ ಅಡಿಯಲ್ಲಿ, ನಾಲ್ಕೂ ಮೂಟೆ ಇದ್ದವು. ಮೂಟೆ ತೋಟ ಬಿಟ್ಟು ಹೊರಗೆ ಹೋಗಿರಲೇ ಇಲ್ಲ.

"ಇಷ್ಟ್ ವರ್ಷ ನಾನು ದುಡಿದಿದ್ದು ತೋಟ. ಉಸ್ತುವಾರಿ ಇವಳಿಗಾ?" ರಾಜಶೇಖರ್ ಕಿರುಚಿದ. "ಕಾರು ಓಡಿಸ್ಕೊಂಡು ಊರೂರು ತಿರುಗೋಳಿಗೆ!"

* * *

ಜೀಪು ಅವನನ್ನು ಹತ್ತಿಸಿಕೊಂಡು ಹೊರಟಿತು. ದೂರು ಬರೆದುಕೊಡಲು ಮೂಟೆಯ ಒಡತಿ ಠಾಣೆಗೆ ಬರಬೇಕೆಂದು ಹೇಳಿ ಹೋದರು ನಯನಾ.

"ಮೂಟೆ ಸಿಕ್ತಲ್ಲ, ಬಿಟ್ಬಿಡೋಣ ಕಣೇ" ಎಂದರು ಗುರುಸಿದ್ದಮ್ಮ. "ಮಠದಲ್ಲಿ ನಾಲ್ಕ್ ಜನ ಏನಂತಾರೆ?"

"ನನ್ನ ಕಳ್ಳಿ ಮಾಡೋವಾಗ ಆ ನಾಲ್ಕ್ ಜನ ನೆನಪಿಗೆ ಬರ್ಲಿಲ್ವಾ? ನನ್ನ ಮಾತು ಕೇಳ್ದೆ ಅವನನ್ನ ನಂಬಿಬಿಟ್ಯಲ್ಲ ದೊಡ್ಡಮ್ಮ! ನೀನು ಬಾ, ಬಿಡು. ನಾನಂತೂ ಹೋಗ್ತೀನಿ. ನನ್ನ ಹೆಸರು ಕೆಡಿಸಿದ್ದಕ್ಕೆ ದೂರು ನಾನೇ ಕೊಡ್ತೀನಿ."

ಗುರುಸಿದ್ದಮ್ಮ ಮೂಟೆಗಳ ಮೇಲೆ ಕೈಯಾಡಿಸಿದರು. ಆಮೇಲೆ ಸೆರಗು ಹೊದ್ದು, ಮನೆಗೆ ಬೀಗ ಹಾಕಿ, ಮುಂದಿನ ಸೀಟಿನಲ್ಲಿ ಬಂದು ಕೂತರು.

ಅರಸೀಕೆರೆ ರಸ್ತೆಯಲ್ಲಿ ಗುಂಡಿಗಳು ಬಂದವು, ಹೋದವು. ಸದ್ದಿಲ್ಲದ ಕಾರಿನಲ್ಲಿ ದೊಡ್ಡಮ್ಮ ಬಿಕ್ಕುವುದು ಶರ್ಮಿಳಾಗೆ ಸ್ಪಷ್ಟವಾಗಿ ಕೇಳಿಸಿತು. ಹಳೇ ಟೈರಾಗಿದ್ದರೆ ಕೇಳಿಸುತ್ತಲೇ ಇರಲಿಲ್ಲ. ಅವಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ನಾನು ಅಳೋದು ಕೇಳಿಸ್ತೇನೇ?" ಗುರುಸಿದ್ದಮ್ಮ ಕಣ್ಣೊರೆಸಿಕೊಳ್ಳಲಿಲ್ಲ. "ಕೇಳಿಸ್ಲಿ. ನೀನು ಕಾರು ತಿರುಗಿಸ್ಬೇಡ, ಠಾಣೆಗೆ ನಡಿ."