ಒಂದೂವರೆ ಲೋಟ

ದೇವರ ಗೂಡಿನ ಪಕ್ಕದ ಮೊಳೆಗೆ ಅತ್ತೆಯ ಶಿವದಾರ ನೇತುಬಿದ್ದಿರುವುದನ್ನು ಕಂಡು ಸೌಂದರ್ಯಳ ಎದೆ ಧಸಕ್ಕೆಂದಿತು. ದಾರದ ತುದಿಯಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಲಿಂಗ. ಅತ್ತೆ ಕಲ್ಲಮ್ಮ ಎಂಟು ವರ್ಷದ ಹುಡುಗಿಯಾಗಿದ್ದಾಗ ಕಟ್ಟಿಸಿಕೊಂಡದ್ದು. ಎರಡು ಹೆರಿಗೆಯಲ್ಲೂ ಅದು ಮೈಯಿಂದ ಇಳಿದಿರಲಿಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಆಸ್ಪತ್ರೆ ಸೇರಿದಾಗ, ಓಲೆಯ ಜೊತೆ ಅದನ್ನೂ ಬಿಚ್ಚಿಕೊಡಿ ಎಂದ ನರ್ಸಿನ ಮೇಲೆ ಸೊಟ್ಟಗಾದ ಬಾಯಲ್ಲೇ ಜಗಳಕ್ಕಿಳಿದಿದ್ದ ಹೆಂಗಸು ಆಕೆ. ಆ ಲಿಂಗ ಇವತ್ತು ಕ್ಯಾಲೆಂಡರಿನ ಪಕ್ಕದಲ್ಲಿ, ಛತ್ರಿ ನೇತುಹಾಕುವ ಮೊಳೆಯಲ್ಲಿ...!

ಕಲ್ಲಮ್ಮ ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ, ದಾಸವಾಳದ ಗಿಡದ ಪಕ್ಕದಲ್ಲಿ ಕೂತಿದ್ದರು. ಸೀರೆಯ ಹಿಂಭಾಗ ಒದ್ದೆಯಾಗಿತ್ತು. ಹಣೆಯಲ್ಲಿ ವಿಭೂತಿ ಇರಲಿಲ್ಲ.

"ಅತ್ತೆ, ಇದೇನು ಮಾಡ್ಕೊಂಡ್ರಿ?"

"ಮೈ ನನ್ನ ಮಾತು ಕೇಳ್ತಿಲ್ಲ ಕಣಮ್ಮ. ಇಂಥ ಮೈ ಮೇಲೆ ಶಿವನ್ನ ಯಾಕೆ ಕೂರಿಸ್ಕೊಳ್ಳಲಿ? ಅಲ್ಲೇ ಇರ್ಲಿ. ನಾನು ಹೋದ ಮೇಲೆ ಕೈಗಿಟ್ಟು ಕಳಿಸಿ."

ಲಕ್ವದಿಂದ ಎದ್ದ ಮೇಲೆ ಕಲ್ಲಮ್ಮನ ಕೈಕಾಲು ಹೇಗೋ ಹತೋಟಿಗೆ ಬಂದಿದ್ದವು. ಮೂತ್ರ ಮಾತ್ರ ಹತೋಟಿಗೆ ಬರಲಿಲ್ಲ. ಹೊಸಮನೆ ಬಡಾವಣೆಯ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅದು ಹೇಗೋ ನಡೆದುಕೊಂಡು ಹೋಗುತ್ತಿತ್ತು. ಹಳೇ ಸೀರೆ ಮಡಚಿ ಕೊಡುವುದು, ಒಗೆಯುವುದು, ಒಣಗಿಸುವುದು, ಮತ್ತೆ ಮಡಚುವುದು. ಸೊಸೆ ಮುಖ ಸಿಂಡರಿಸಿದವಳಲ್ಲ. ಆದರೆ ಹಿಂದಿನ ದಿನ ಭದ್ರಾವತಿಯಲ್ಲಿ, ಮಗಳು ಅಮೂಲ್ಯಳ ಮನೆಯಲ್ಲಿ, ಮೊಮ್ಮಗುವಿಗೆ ಹೆಸರಿಡುವ ದಿನ ಆಗಬಾರದ್ದು ಆಗಿಹೋಗಿತ್ತು. ನಲವತ್ತು ಜನ ನೆಂಟರ ನಡುವೆ ಹೊಸ ಸೋಫಾದಿಂದ ಕಲ್ಲಮ್ಮ ಎದ್ದಾಗ ಕೆಳಗೆ ದೊಡ್ಡ ಕಲೆ! ಅಮೂಲ್ಯಳ ಅತ್ತೆ ಪುಷ್ಪಮ್ಮ ಮೂಗಿಗೆ ಸೆರಗು ಹಿಡಿದು, ಸೋಫಾದ ದಿಂಬನ್ನು ಎರಡು ಬೆರಳಲ್ಲಿ ಎತ್ತಿಸಿ ಅಂಗಳಕ್ಕೆ ಹಾಕಿಸಿದರು. ಬೀಗ್ತಿಯ ಕಡೆ ತಿರುಗಿ, ಲಿಂಗ ಕಟ್ಟಿಕೊಂಡ ಮೈಯನ್ನು ಹೀಗಿಟ್ಟುಕೊಂಡು ನಾಲ್ಕು ಜನರ ಮನೆಗೆ ಯಾಕೆ ಬರಬೇಕು ಎಂದೂ ಕೇಳಿದರು. ಅಮೂಲ್ಯ ಮಗುವನ್ನು ಎತ್ತಿಕೊಂಡು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಪಾಪ, ಆ ಮನೆಯಲ್ಲಿ ಬಾಳುವವಳು ಅವಳೇ ತಾನೇ.

ಲಿಂಗ ಕಟ್ಟಿಕೊಂಡವರಿಗೆ ಯಾವ ಮೈಲಿಗೆಯೂ ಇಲ್ಲವೆಂದು ಅಯ್ಯನವರೇ ಹೇಳುತ್ತಾರಲ್ಲ ಎಂದು ಸೌಂದರ್ಯ ವಾದ ಮಾಡಿದಳು. ಅದು ಪುಷ್ಪಮ್ಮನ ಸೋಫಾಕ್ಕೆ ಗೊತ್ತಿಲ್ಲವಲ್ಲ ಎಂದರು ಕಲ್ಲಮ್ಮ. ಲಿಂಗವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ತೀರ್ಥವಿಲ್ಲ, ತೀರ್ಥ ತೆಗೆದುಕೊಳ್ಳದೆ ಆಕೆ ಬಾಯಿಗೆ ತುತ್ತಿಡುವವರಲ್ಲ. ಮಧ್ಯಾಹ್ನ ಮೂರಾದರೂ ತಟ್ಟೆ ಮುಚ್ಚಿಟ್ಟಂತೆಯೇ ಇತ್ತು. ಸೌಂದರ್ಯ ಕಾಲು ಹಿಡಿದುಕೊಂಡು ಅತ್ತಳು. ಕೊನೆಗೆ ಮುದುಕಿಯ ಮನಸ್ಸು ಒಂದಿಷ್ಟು ಕರಗಿತು.

"ಒಂದೇ ಒಂದು ದಿನ, ಬೆಳಗಿಂದ ಸಂಜೆವರೆಗೆ, ಮೈ ಒಣಗಿರೋ ಹಾಗೆ ಮಾಡು. ಅವತ್ತೇ ಕಟ್ಕೋತೀನಿ. ಅಲ್ಲೀವರೆಗೆ ಗಂಜಿ ಕುಡೀತೀನಿ, ಔಷಧಿ ಅನ್ಕೊಂಡು."

ಅಷ್ಟು ಸಾಕಾಯಿತು ಸೌಂದರ್ಯಳಿಗೆ. ಮರುದಿನವೇ ಹುಡುಕಾಟಕ್ಕಿಳಿದಳು.

ದೊಡ್ಡವರ ಡೈಪರ್ ಎಂದು ಕೇಳಿದರೆ ಮೆಡಿಕಲ್ ಶಾಪಿನವರು ದನಿ ತಗ್ಗಿಸುತ್ತಿದ್ದರು, ಬೆಲೆ ಮಾತ್ರ ತಗ್ಗಿಸುತ್ತಿರಲಿಲ್ಲ. ಹತ್ತು ಇರುವ ಪೊಟ್ಟಣ, ದಿನಕ್ಕೆ ಮೂರು ಬೇಕು. ಒಂದು ಪೊಟ್ಟಣ ತಂದಳು, ಅಳತೆ ಸಡಿಲವಾಗಿ ಪಕ್ಕದಿಂದ ಸೋರುತ್ತಲೇ ನಾಲ್ಕನೇ ದಿನಕ್ಕೆ ಮುಗಿಯಿತು. ಅವಳು ವಾರವಿಡೀ ಮಿಷನ್ ತುಳಿದು ಹೊಲಿದ ರವಿಕೆಗಳ ಕೂಲಿ ಅದಕ್ಕೇ ಸರಿಹೋಯಿತು. ಮಕ್ಕಳ ಡೈಪರ್ ಎರಡನ್ನು ಸೇರಿಸಿ ಹೊಲಿದು ನೋಡಿದಳು, ನಡುವಿನ ಹೊಲಿಗೆಯಲ್ಲೇ ಸೋರಿತು. ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಗಂಡ ರುದ್ರೇಶನಿಗೆ ಹೇಳಿದರೆ, ನನ್ನ ಹಳೇ ಪಂಚೆಗಳಿಲ್ಲವೇ ಎಂದು ಕೇಳಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ತಾಯಿಯ ಮೇಲೆ ಅವನಿಗೆ ಪ್ರೀತಿಯಿಲ್ಲ ಅಂತಲ್ಲ. ಬಟ್ಟೆ ಒಗೆಯದವನ ಪ್ರೀತಿ ಅದು, ಕೈ ಒದ್ದೆ ಮಾಡಿಕೊಳ್ಳುತ್ತಿರಲಿಲ್ಲ.

ಆಗ ಅಮೂಲ್ಯ ಫೋನ್ ಮಾಡಿದಳು, ತನ್ನ ಅತ್ತೆ ಸ್ನಾನಕ್ಕೆ ಹೋಗಿದ್ದ ಸಮಯ ನೋಡಿ. ಭದ್ರಾವತಿ ಪೇಟೆಯ ಓಣಿಯೊಂದರಲ್ಲಿ ಪರಮೇಶ್ ಎಂಬುವನು ಡೈಪರನ್ನು ಕೇಜಿ ಲೆಕ್ಕದಲ್ಲಿ ತೂಗಿಕೊಡುತ್ತಾನೆ ಎಂದು ಪಕ್ಕದ ಮನೆಯ ಆಯಾ ಹೇಳಿದಳಂತೆ. ಸೌಂದರ್ಯ ಅವತ್ತೇ ಬಸ್ ಹತ್ತಿದಳು.

ಎಲ್ಲೋ ದೂರದ ಕಾರ್ಖಾನೆಯಲ್ಲಿ ತಿರಸ್ಕಾರವಾದ ಮಾಲು ಅದು. ಹೆಸರಿಲ್ಲ, ಕವರಿಲ್ಲ. ಈರುಳ್ಳಿ ತೂಗುವಂಥ ತಕ್ಕಡಿಯಲ್ಲಿ ತೂಗುತ್ತ ಪರಮೇಶ್ ಮೊದಲೇ ಹೇಳಿಬಿಟ್ಟ.

"ಟೇಪು ಅಂಟಲ್ಲ ಅಕ್ಕ. ಒಂದೊಂದ್ರಲ್ಲಿ ಹತ್ತಿ ಒಂದೇ ಕಡೆ ಗುಡ್ಡೆ ಆಗಿರ್ತದೆ. ಕೆಲವು ಚೆನ್ನಾಗಿ ಹೀರ್ತವೆ, ಕೆಲವು ಇಲ್ಲ. ವಾಪಸ್ ಮಾತ್ರ ತಗೊಳ್ಳಲ್ಲ."

ಒಂದು ಚೀಲ ತುಂಬ ತಂದಳು. ಅಂಗಡಿಯ ಒಂದು ಪೊಟ್ಟಣದ ಬೆಲೆಗೆ ಐದು ಪೊಟ್ಟಣದಷ್ಟು! ಮಲವಗೊಪ್ಪದಲ್ಲಿ ಬಸ್ ಹತ್ತಿದ ಹೆಂಗಸೊಬ್ಬಳು ಚೀಲ ಮುಟ್ಟಿ ನೋಡಿ ಏನೆಂದು ಕೇಳಿದಾಗ, ದಿಂಬಿಗೆ ಹತ್ತಿ ಎಂದು ಸುಳ್ಳು ಹೇಳಿದಳು.

ಹೊಲಿಗೆಯವಳ ಬುದ್ಧಿ ಇಲ್ಲಿ ಕೆಲಸಕ್ಕೆ ಬಂತು. ಅಂಟದ ಟೇಪಿನ ಬದಲು ಇಲಾಸ್ಟಿಕ್ ಹಾಕಿ ಬಟ್ಟೆಯ ಪಟ್ಟಿ ಹೊಲಿದಳು. ಯಾವುದು ಎಷ್ಟು ಹೀರುತ್ತದೆ ಎಂದು ತಿಳಿಯಬೇಕಲ್ಲ? ಒಂದೊಂದು ಬಗೆಯದನ್ನು ಒಗೆಯುವ ಕಲ್ಲಿನ ಮೇಲೆ ಹರಡಿ ಲೋಟದಲ್ಲಿ ನೀರು ಅಳೆದು ಸುರಿದಳು. ಅದೇ ಬಗೆಯ ಉಳಿದವುಗಳ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದಳು. ಒಂದು ಲೋಟದವು ಒಂದು ಕಡೆ, ಒಂದೂವರೆ ಲೋಟದವು ಒಂದು ಕಡೆ. ಎರಡು ದಿನ ಇದೇ ಕೆಲಸ. ಕಲ್ಲಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಲೇ ಇದ್ದರು.

"ನೋಡಿ ಅತ್ತೆ, ಇದು ಒಂದೂವರೆ ಲೋಟ ತಡೀತದೆ. ಅದಕ್ಕಿಂತ ಜಾಸ್ತಿ ಆದ್ರೆ ಮಾತ್ರ ಪಕ್ಕದಿಂದ ಬರ್ತದೆ."

"ಒಂದೂವರೆ... ಯಾವ ಲೋಟ?"

"ಇದೇ, ನೀವು ನೀರು ಕುಡಿಯೋ ಲೋಟ."

ಕಲ್ಲಮ್ಮ ಲೋಟವನ್ನು ಕೈಗೆ ತೆಗೆದುಕೊಂಡು ಒಳಗೆ ಇಣುಕಿ ನೋಡಿ, ಸುಮ್ಮನೆ ತಲೆಯಾಡಿಸಿದರು. ಹಾಗೆ ತಲೆಯಾಡಿಸಿದ್ದನ್ನು ಸೌಂದರ್ಯ ಆಮೇಲೆ ಎಷ್ಟು ಸಲ ನೆನೆದು ಅತ್ತಳೋ, ಲೆಕ್ಕ ಇಟ್ಟವರಿಲ್ಲ.

ಮೊದಲ ದಿನ ಪಕ್ಕದಿಂದ ಸೋರಿತು. ಎರಡನೇ ದಿನ ಸ್ವಲ್ಪ. ಮೂರನೇ ದಿನ ಸಂಜೆ ಸೌಂದರ್ಯ ಬಿಚ್ಚಿ ನೋಡಿದರೆ ಸೀರೆ ಒಣಗಿತ್ತು, ಲಂಗ ಒಣಗಿತ್ತು, ಪ್ಯಾಡಿನಲ್ಲೂ ಅರ್ಧಕ್ಕರ್ಧ ಒಣಗಿತ್ತು! ಅವಳಿಗೆ ಆದ ಸಂತೋಷಕ್ಕೆ ಮದುವೆಯ ದಿನವೂ ಸಮವಲ್ಲ. ಮರುದಿನ ಬೆಳಿಗ್ಗೆ ಕಲ್ಲಮ್ಮ ಮಿಂದು, ವಿಭೂತಿ ಧರಿಸಿ, ಮೊಳೆಯಿಂದ ಶಿವದಾರ ಇಳಿಸಿ ಕೊರಳಿಗೆ ಹಾಕಿಕೊಂಡರು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಎಷ್ಟೋ ಹೊತ್ತು ಕಣ್ಣು ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ರುದ್ರೇಶ ಹೆಂಡತಿಯ ಕಡೆ ನೋಡಿ, ನಿನ್ನಂಥವಳು ಸಿಕ್ಕಿದ್ದು ನಮ್ಮ ಪುಣ್ಯ ಎಂದ. ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ಆಡಿದ ಮೊದಲ ಒಳ್ಳೆಯ ಮಾತು ಅದು, ಅವಳು ಅದನ್ನು ನಂಬಿದಳು.

ದಿನಕ್ಕೆ ಮೂರು ಬೇಕಾಗಿದ್ದದ್ದು ಎರಡಾಯಿತು, ಎರಡು ಒಂದಾಯಿತು. ಚೀಲ ಹಾಗೇ ಇತ್ತು. ಏಪ್ರಿಲ್ ಬಿಸಿಲು ಊರಾಚೆಯ ರಾಗಿಗುಡ್ಡದ ಬಂಡೆಗಳನ್ನು ಕಾಯಿಸುತ್ತಿತ್ತು. ಅತ್ತೆಯ ತುಟಿ ಒಡೆದಿದ್ದಕ್ಕೆ ಸೌಂದರ್ಯ ಕೊಬ್ಬರಿ ಎಣ್ಣೆ ಹಚ್ಚಿದಳು, ಸೆಖೆ ಅಂದುಕೊಂಡು. ಮಜ್ಜಿಗೆ ಕೊಟ್ಟಳು, ಗಂಜಿ ಕೊಟ್ಟಳು, ತಂಬಿಗೆಯಲ್ಲಿ ನೀರಿಟ್ಟಳು. ಪ್ರತಿ ಸಲವೂ ಪಾತ್ರೆ ಖಾಲಿಯಾಗಿ ಬರುತ್ತಿತ್ತು. ಇನ್ನೇನು ಬೇಕು ನೋಡುವವರಿಗೆ?

ಲಿಂಗ ಮತ್ತೆ ಕಟ್ಟಿಕೊಂಡ ಒಂಬತ್ತನೇ ದಿನ ಕಲ್ಲಮ್ಮ ಪೂಜೆಗೆ ಏಳಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು. ಎಂದೋ ತೀರಿಹೋದ ಗಂಡ ಜಂಬಣ್ಣನ ಹೆಸರು ಹಿಡಿದು, ಊಟಕ್ಕೆ ಬನ್ನಿ, ಎಲೆ ಹಾಕಿದೆ ಎಂದು ಕರೆಯುತ್ತಿದ್ದರು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಮೂತ್ರಕ್ಕೆ ನಳಿಕೆ ಹಾಕಿ ಒಂದು ಗಂಟೆ ಕಾದ ಮೇಲೂ ಅದರ ಚೀಲದಲ್ಲಿ ಕಟ್ಟಿದ್ದು ಎರಡು ಬೆರಳಷ್ಟು, ಕಪ್ಪು ಚಹಾದ ಬಣ್ಣ. ಡಾಕ್ಟರಮ್ಮ ಕಣ್ಣು ಎತ್ತದೆ ಕೇಳಿದರು.

"ಎಷ್ಟು ದಿನದಿಂದ ಇವರಿಗೆ ನೀರು ಕೊಟ್ಟಿಲ್ಲ?"

"ಕೊಡ್ತಿದ್ದೆ ಮೇಡಂ... ನಾನೇ ಕೈಯಾರೆ ಕೊಡ್ತಿದ್ದೆ."

ನೀರು ಸಾಲದೆ, ಸೋಂಕು ಏರಿ, ಮೂತ್ರಪಿಂಡ ಎರಡೂ ಕೈಬಿಡುತ್ತಿವೆ ಎಂದರು. ಅತ್ತೆಯ ಬಟ್ಟೆ ತರಲು ಮನೆಗೆ ಬಂದ ಸೌಂದರ್ಯ ಹಿತ್ತಲ ಬಾಗಿಲಲ್ಲಿ ನಿಂತುಬಿಟ್ಟಳು. ಸುತ್ತಲ ಗಿಡಗಳೆಲ್ಲ ಬಿಸಿಲಿಗೆ ಬಾಡಿದ್ದರೆ, ಮೆಟ್ಟಿಲ ಪಕ್ಕದ ದಾಸವಾಳ ಮಾತ್ರ ಮೈತುಂಬ ಹೂ ಬಿಟ್ಟಿತ್ತು. ಅದರ ಬುಡದ ಮಣ್ಣಿನ ಮೇಲೆ ಮಜ್ಜಿಗೆ ಒಣಗಿ ಬೆಳ್ಳಗೆ ಹೆಪ್ಪುಗಟ್ಟಿತ್ತು, ಗಂಜಿಯ ಅಗುಳಿಗೆ ಇರುವೆ ಮುತ್ತಿತ್ತು. ಅಯ್ಯೋ ಶಿವನೇ... ಅವಳು ಆ ಮಣ್ಣಿನ ಮೇಲೇ ಕುಸಿದು ಕೂತಳು.

ಮರುದಿನ ಬೆಳಿಗ್ಗೆ ಕಲ್ಲಮ್ಮನಿಗೆ ಸ್ವಲ್ಪ ಹೊತ್ತು ತಿಳಿವು ಬಂತು. ಕೈ ಕೊರಳಿನತ್ತ ಹೋಗಿ ಕರಡಿಗೆಯನ್ನು ಮುಟ್ಟಿಕೊಂಡಿತು. ಸೊಸೆಯನ್ನು ಗುರುತಿಸಿ ನಗಲು ನೋಡಿದರು.

"ಸೋರ್ಲಿಲ್ಲ ತಾನೇ?"

"ಇಲ್ಲ ಅತ್ತೆ... ಯಾಕೆ ಹೀಗೆ ಮಾಡಿದ್ರಿ? ಒದ್ದೆ ಆದ್ರೆ ಆಗ್ತಿತ್ತು. ನಾನು ಒಗೀತಿರ್ಲಿಲ್ವಾ?"

"ಅದಕ್ಕೇ ಕಣಮ್ಮ. ನಿನ್ನ ಕೈ ನೋಡ್ಕೊಂಡಿದೀಯಾ? ಸೋಪಿಗೆ ಬಿರಿದು ರಕ್ತ ಬರ್ತದೆ. ಮಾತ್ರೆಗೆ ಅರ್ಧ, ಊಟಕ್ಕೆ ಅರ್ಧ, ಸಂಜೆಗೆ ಅರ್ಧ. ಒಂದೂವರೆ ದಾಟ್ಲಿಲ್ಲ ನಾನು. ಪ್ಯಾಡ್ ಉಳೀತು, ಲಿಂಗಾನೂ ಮೈ ಮೇಲೇ ಉಳೀತು..."

ಅದನ್ನು ಹೇಳುವಾಗ ಆ ಮುಖದಲ್ಲಿ ಹೆಮ್ಮೆ ಇತ್ತು. ಅದೇ ಸೌಂದರ್ಯಳಿಗೆ ಸಹಿಸಲಾಗದ್ದು. ಅವಳು ಚಮಚೆಯಲ್ಲಿ ನೀರು ಹಿಡಿದರೆ, ಲೆಕ್ಕ ಮುಗಿಯಿತು ಎಂಬಂತೆ ಕಲ್ಲಮ್ಮ ತುಟಿ ಮುಚ್ಚಿಕೊಂಡರು. ಆಸ್ಪತ್ರೆ ಸೇರಿದ ಮೂರನೇ ದಿನ ಮಧ್ಯಾಹ್ನ ಎಲ್ಲವೂ ಮುಗಿಯಿತು.

ನಡುಮನೆಯಲ್ಲಿ ಗೋಡೆಗೊರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟರು. ಅಯ್ಯನವರು ಹೇಳಿದಂತೆ ಸೌಂದರ್ಯ ಬಾಯಿಗೆ ತೀರ್ಥ ಬಿಟ್ಟಳು. ಒಂದು ಉದ್ಧರಣೆ ಚಮಚೆ ಸಾಕಿತ್ತು, ಅವಳು ಬಿಡುತ್ತಲೇ ಇದ್ದಳು. ತೀರ್ಥ ಗದ್ದದಿಂದ ಇಳಿದು ಸೀರೆ ಒದ್ದೆಯಾಯಿತು. ಯಾರೋ ಅವಳ ಕೈ ಹಿಡಿದು ನಿಲ್ಲಿಸಿದರು. ಭದ್ರಾವತಿಯಿಂದ ಬಂದ ಪುಷ್ಪಮ್ಮ ಹೆಂಗಸರ ನಡುವೆ ಕೂರದೆ ಬಾಗಿಲ ಬಳಿ ನಿಂತೇ ಇದ್ದರು. ಮೈ ಮೇಲೆ ಲಿಂಗ ಇಟ್ಟುಕೊಂಡೇ ಹೋದರು, ಪುಣ್ಯವಂತೆ ಎಂದು ಗಟ್ಟಿಯಾಗಿ ಅತ್ತರು. ಆ ಅಳುವಿನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣ ಸೌಂದರ್ಯಳಲ್ಲಿ ಉಳಿದಿರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ರುದ್ರೇಶ ಒಂದು ಮಾತು ಆಡಿದ. "ನೀನು ಆ ಅಳತೆ ಹೇಳ್ದೇ ಇದ್ದಿದ್ರೆ ಅಮ್ಮ ಇರ್ತಿದ್ಲು." ಒಂದು ಪೊಟ್ಟಣ ಕೈಯಲ್ಲಿ ಹಿಡಿದು ತಂದವನಲ್ಲ, ಒಂದು ಬಟ್ಟೆ ಹಿಂಡಿದವನಲ್ಲ. ಆದರೂ ಅವನಾಡಿದ್ದು ಸುಳ್ಳೆಂದು ಸೌಂದರ್ಯಳಿಗೂ ಅನ್ನಿಸಲಿಲ್ಲ. ಆಮೇಲೆ ಅವರಿಬ್ಬರ ನಡುವೆ ಊಟ, ತಿಂಡಿ, ಬಾಡಿಗೆಯ ಮಾತು ಬಿಟ್ಟರೆ ಬೇರೆ ಮಾತು ಉಳಿಯಲಿಲ್ಲ.

ಒಂದು ತಿಂಗಳು ಕಳೆದಿರಬಹುದು. ಒಂದು ಬೆಳಿಗ್ಗೆ ಅಮೂಲ್ಯ ಬಂದಳು. ಮಗುವನ್ನು ಕರೆತಂದಿರಲಿಲ್ಲ, ಕೈಯಲ್ಲಿ ದೊಡ್ಡ ಖಾಲಿ ಬ್ಯಾಗಿತ್ತು. ಕಾಫಿ ಕುಡಿದು ಮುಗಿಸಿದರೂ ವಿಷಯಕ್ಕೆ ಬರಲಿಲ್ಲ. ಕೊನೆಗೆ ನೆಲ ನೋಡುತ್ತ ಹೇಳಿಕೊಂಡಳು. ಪುಷ್ಪಮ್ಮನಿಗೂ ಅದೇ ತೊಂದರೆ. ಶುರುವಾಗಿ ವರ್ಷವಾಗಿತ್ತಂತೆ, ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ಮುಚ್ಚಿಟ್ಟಿದ್ದರಂತೆ. ಅವತ್ತು ಆ ಸೋಫಾದ ಮೇಲೆ ಕೂಗಾಡಿದ್ದೂ, ವಾಸನೆ ತನ್ನದೆಂದು ನೆಂಟರಿಗೆ ಎಲ್ಲಿ ತಿಳಿಯುತ್ತದೋ ಎಂಬ ಹೆದರಿಕೆಗೆ. ಈಗ ಹಾಸಿಗೆಯಿಂದ ಎದ್ದು ಹೋಗುವುದರೊಳಗೆ ಆಗಿಬಿಡುತ್ತದೆ. ಪರಮೇಶನ ಅಂಗಡಿಗೆ ಮಾಲು ಬರುವುದು ನಿಂತಿದೆ. ಕಲ್ಲಮ್ಮನಿಗೆ ತಂದದ್ದು ಉಳಿದಿರಬಹುದಲ್ಲ ಎಂದು ಪುಷ್ಪಮ್ಮನೇ ಕೇಳಿ ಕಳಿಸಿದ್ದರು.

ಸೌಂದರ್ಯ ಕುಡಿದಿಟ್ಟ ಕಾಫಿ ಲೋಟಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ನಲವತ್ತು ಜನರ ಎದುರು ತಲೆ ತಗ್ಗಿಸಿ ನಿಂತಿದ್ದ ಅತ್ತೆ ಕಣ್ಣ ಮುಂದೆ ಬಂದರು. ಇಲ್ಲ ಎಂದುಬಿಡಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೂ ಎದ್ದು ಒಳಗೆ ಹೋಗಿ ಮಂಚದ ಕೆಳಗಿನ ಚೀಲ ಎಳೆದಳು. ಒಂದೊಂದನ್ನೇ ತೆಗೆದು, ಸೀಮೆಸುಣ್ಣದ ಗೆರೆಯನ್ನು ಸೆರಗಿನಿಂದ ಉಜ್ಜಿ ಅಳಿಸಿ, ಬ್ಯಾಗಿಗೆ ತುಂಬಿದಳು. ಎಲ್ಲ ಅಳಿಸಿ ಮುಗಿಯುವ ಹೊತ್ತಿಗೆ ಸೆರಗು ಬೆಳ್ಳಗಾಗಿತ್ತು.

ಬಾಗಿಲ ತನಕ ಹೋದ ಅಮೂಲ್ಯ ತಿರುಗಿ ಕೇಳಿದಳು.

"ಅತ್ತಿಗೆ, ಒಂದೊಂದು ಎಷ್ಟು ತಡೀತದೆ? ಅವರು ಕೇಳ್ಕೊಂಡು ಬಾ ಅಂದಿದಾರೆ."

ಸೌಂದರ್ಯ ಸೆರಗಿನ ಸುಣ್ಣ ಕೊಡವಿದಳು.

"ಗೊತ್ತಿಲ್ಲ ಅಮೂಲ್ಯ. ನಾನು ಅಳೆದು ನೋಡಿಲ್ಲ. ನೀರು ಮಾತ್ರ ನೀನೇ ಎದುರಿಗೆ ಕೂತು ಕುಡಿಸು."

ಅಮೂಲ್ಯ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಸೌಂದರ್ಯ ಅತ್ತೆಯ ಲೋಟವನ್ನು ತೊಳೆದು, ನೀರು ತುಂಬಿ, ಹಿತ್ತಲ ಮೆಟ್ಟಿಲ ಮೇಲೆ ಇಟ್ಟುಕೊಂಡು ಕೂತಳು. ದಾಸವಾಳದ ಗಿಡ ಒಣಗಿಹೋಗಿತ್ತು.